ಶೌಚಾಲಯ ಮತ್ತು ಸ್ನಾನಗೃಹಗಳ ನೆಲಹಾಸು: ಅನುಮೋದನೆಗೆ ಮುನ್ನ ಗಮನಿಸಬೇಕಾದ ಅಂಶಗಳು



ಶಾಲೆ, ಅಂಗನವಾಡಿ ಹಾಗೂ ಸಮುದಾಯ ಶೌಚಾಲಯಗಳ ಕಾಮಗಾರಿಗಳು ಸಭೆಯ ಮುಂದೆ ಬಂದಾಗ ನಾವು ಗೋಡೆ, ಬಾಗಿಲು, ನೀರಿನ ತೊಟ್ಟಿಗಳ ಬಗ್ಗೆ ಚರ್ಚಿಸುತ್ತೇವೆ. ನೆಲಹಾಸಿನ ಬಗ್ಗೆ ಚರ್ಚೆ ನಡೆಯುವುದು ವಿರಳ. ನಾನು ಹಿಂದೆ ಕಾರ್ಯನಿರ್ವಹಿಸಿದ ಗ್ರಾಮ ಪಂಚಾಯತಿಯೊಂದರಲ್ಲಿ ಶಾಲಾ ಶೌಚಾಲಯದ ಅಂದಾಜುಪಟ್ಟಿಯಲ್ಲಿ ‘ಟೈಲ್ಸ್ ಅಳವಡಿಸುವುದು’ ಎಂದಷ್ಟೇ ಇತ್ತು. ಅಳತೆ, ದರಗಳು ಸರಿಯಾಗಿದ್ದವು. ಕಡತಕ್ಕೆ ನಾನೂ ಸಹಿ ಮಾಡಿದೆ. ನೆಲಕ್ಕೆ ಬಂದದ್ದು ಗೋಡೆಗೆ ಹಾಕುವ ನುಣುಪಾದ ಬಿಳಿ ಟೈಲ್ಸ್. ಉದ್ಘಾಟನೆಯ ದಿನ ಎಲ್ಲರೂ ಮೆಚ್ಚಿದರು. ಮಳೆಗಾಲದಲ್ಲಿ ಬಿಸಿಯೂಟದ ಅಡುಗೆ ಸಿಬ್ಬಂದಿಯೊಬ್ಬರು ಅಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಎಂಜಿನಿಯರಿಂಗ್ ಓದಿದ ನಾನು ಅದನ್ನು ಮೊದಲೇ ಗಮನಿಸಬೇಕಿತ್ತು. ಅಂತಹ ಲೋಪ ಮರುಕಳಿಸದಿರಲಿ ಎಂಬುದೇ ಈ ಲೇಖನದ ಉದ್ದೇಶ.

ಟೈಲ್ಸ್: ಗೋಡೆಯ ಟೈಲ್ಸ್ ಸಾಮಾನ್ಯವಾಗಿ ತನ್ನ ತೂಕದ ಶೇ. 10ಕ್ಕಿಂತ ಹೆಚ್ಚು ನೀರನ್ನು ಹೀರುತ್ತದೆ. ಅದರ ಒಡಲು ಮೃದು, ಮೇಲ್ಮೈ ನುಣುಪು. ಕಾಲಿನ ಭಾರಕ್ಕೆ ಬಿರುಕು ಬಿಡುತ್ತದೆ, ಒದ್ದೆಯಾದರೆ ಜಾರುತ್ತದೆ. ವಿಟ್ರಿಫೈಡ್ ಟೈಲ್ಸ್ ಹೀರುವ ನೀರು ಶೇ. 0.5ಕ್ಕಿಂತ ಹೆಚ್ಚಿರುವುದಿಲ್ಲ, ಆದರೆ ಅದರಲ್ಲಿಯೂ ಹೊಳಪಿನದು ಬೇಡ, ಒರಟು ಮೇಲ್ಮೈಯದನ್ನೇ ಆರಿಸಬೇಕು. 300 × 300 ಮಿ.ಮೀ. ಅಳತೆಯ ಚಿಕ್ಕ ಟೈಲ್ಸ್ ಹಾಕಿದರೆ ಸಂದುಗಳು ಹೆಚ್ಚಾಗಿ ಕಾಲಿಗೆ ಹಿಡಿತ ಸಿಗುತ್ತದೆ, ಇಳಿಜಾರು ಕೊಡುವುದೂ ಸುಲಭ.

ಕಲ್ಲು: ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು ಬಹುಕಾಲ ಬಾಳುತ್ತದೆ; ಪಾಲಿಶ್ ಮಾಡದಿದ್ದರೆ ಒಳ್ಳೆಯ ಹಿಡಿತವೂ ಇರುತ್ತದೆ. ಆದರೆ ಇದು ಸುಣ್ಣದ ಕಲ್ಲು. ಶೌಚಾಲಯ ತೊಳೆಯಲು ಬಳಸುವ ಆಸಿಡ್ ಇದನ್ನು ಕರಗಿಸುತ್ತದೆ. ಇಂತಹ ನೆಲವನ್ನು ಸೋಪಿನ ನೀರು, ಬ್ರಷ್‌ಗಳಿಂದಲೇ ತೊಳೆಯುವಂತೆ ಸ್ವಚ್ಛತಾ ಸಿಬ್ಬಂದಿಗೆ ತಿಳಿಸಬೇಕು. ಪಾಲಿಶ್ ಮಾಡಿದ ಗ್ರಾನೈಟ್ ಅಗ್ಗದಲ್ಲಿ ದೊರೆತರೂ ಒದ್ದೆ ನೆಲಕ್ಕೆ ಸೂಕ್ತವಲ್ಲ.

ಸಿಮೆಂಟ್ ನೆಲ: ವೈಯಕ್ತಿಕ ಗೃಹ ಶೌಚಾಲಯಗಳಿಗೆ ಇದು ಕಡಿಮೆ ವೆಚ್ಚದ, ಯೋಗ್ಯ ಆಯ್ಕೆ. ಮೇಲ್ಮೈಯನ್ನು ಸಿಮೆಂಟ್ ಹಾಲು ಹಾಕಿ ನುಣುಪುಗೊಳಿಸದೆ, ಹಸಿ ಇರುವಾಗಲೇ ಪೊರಕೆಯಿಂದ ಗೆರೆ ಎಳೆಸಬೇಕು. ಕನಿಷ್ಠ 7 ದಿನ ಕ್ಯೂರಿಂಗ್ ಮಾಡಿಸಬೇಕು.

ಇಳಿಜಾರು: ಯಾವ ಸಾಮಗ್ರಿಯಾದರೂ ನೀರು ನಿಂತರೆ ಪಾಚಿ ಕಟ್ಟಿ ಜಾರುತ್ತದೆ. ಪ್ರತಿ ಮೀಟರಿಗೆ 15ರಿಂದ 20 ಮಿ.ಮೀ. ಇಳಿಜಾರು ನೀರು ಹೋಗುವ ಕಿಂಡಿಯ ಕಡೆಗಿರಲಿ. ವಿಶೇಷಚೇತನರ ಶೌಚಾಲಯದಲ್ಲಿ ನೀರು ತಡೆಯಲೆಂದು ಎತ್ತರದ ಹೊಸ್ತಿಲು ಕಟ್ಟಬಾರದು. ಅಲ್ಲಿ ಇಳಿಜಾರೇ ಆ ಕೆಲಸ ಮಾಡಬೇಕು.

ಸದಸ್ಯರು ಮಾಡಬಹುದಾದ ಪರಿಶೀಲನೆ:

1. ಅಂದಾಜುಪಟ್ಟಿಯಲ್ಲಿ ‘ಟೈಲ್ಸ್’ ಎಂದಷ್ಟೇ ಇದ್ದರೆ ಒಪ್ಪಬೇಡಿ. ‘ಐಎಸ್ 15622 ಗುಣಮಟ್ಟದ, ಜಾರದ ಮೇಲ್ಮೈಯ ನೆಲದ ಟೈಲ್ಸ್’ ಎಂದು ಸ್ಪಷ್ಟವಾಗಿ ನಮೂದಿಸುವಂತೆ ಕೋರಿ.

2. ಅಂತಿಮ ಬಿಲ್ಲಿಗೆ ಮುನ್ನ ಸ್ಥಳಕ್ಕೆ ಹೋಗಿ ಒಂದು ಬಕೆಟ್ ನೀರು ಸುರಿಯಿರಿ. ಕಾಲು ಗಂಟೆಯ ನಂತರವೂ ನೀರು ಎಲ್ಲಿಯಾದರೂ ನಿಂತಿದ್ದರೆ ಇಳಿಜಾರು ಸರಿಯಿಲ್ಲ.

3. ಗೋಡೆಯ ಆಸರೆ ಹಿಡಿದು, ಒದ್ದೆ ನೆಲದ ಮೇಲೆ ಬರಿಗಾಲನ್ನು ಉಜ್ಜಿ ನೋಡಿ. ಕಾಲು ಜಾರಿದರೆ ಆ ನೆಲ ಮಕ್ಕಳಿಗೂ ವೃದ್ಧರಿಗೂ ಯೋಗ್ಯವಲ್ಲ.

4. ಟೈಲ್ಸ್ ಮೇಲೆ ನಾಣ್ಯದಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಕೆಳಗೆ ಗಾರೆ ಸರಿಯಾಗಿ ತುಂಬಿಲ್ಲ. ಅದನ್ನು ಕಿತ್ತು ಮತ್ತೆ ಹಾಕಿಸಬೇಕು.

ಕೆಲಸ ಮುಗಿದ ಮೇಲೆ ನೆಲ ಬದಲಿಸಬೇಕೆಂದರೆ ಟೈಲ್ಸ್ ಒಡೆದು, ಕಮೋಡನ್ನೂ ಎಬ್ಬಿಸಬೇಕಾಗುತ್ತದೆ. ಅಷ್ಟು ದಿನ ಶೌಚಾಲಯ ಮುಚ್ಚಿರುತ್ತದೆ. ಅನುಮೋದನೆಯ ಹಂತದಲ್ಲಿ ಕೇಳುವ ಒಂದು ಪ್ರಶ್ನೆಯಿಂದ ಇದೆಲ್ಲವನ್ನೂ ತಪ್ಪಿಸಬಹುದು. ಮುಂದಿನ ಸಾಮಾನ್ಯ ಸಭೆಯಲ್ಲಿ ತಮ್ಮ ವ್ಯಾಪ್ತಿಯ ಶೌಚಾಲಯ ಕಾಮಗಾರಿಗಳ ಅಂದಾಜುಪಟ್ಟಿಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಬೇಕೆಂದು ವಿನಂತಿಸುತ್ತೇನೆ.

– ಪಂಚಾಯತಿ ಅಭಿವೃದ್ಧಿ ಅಧಿಕಾರಿ