ಬಿಸಿಲಿಗೆ ಹಿಗ್ಗುವ ಉಕ್ಕು, ಹಿಗ್ಗಲೊಲ್ಲದ ಇನ್ವಾರ್

ಎರಡು ಹೊಲಗಳ ನಡುವಣ ಬದುವಿನ ಬಗ್ಗೆ ವ್ಯಾಜ್ಯ ಎದ್ದಾಗ ಉಭಯ ಪಕ್ಷದವರೂ ಕೊನೆಗೆ ಮೊರೆಹೋಗುವುದು ಅಳತೆಗೆ. ಆದರೆ ಅಳೆಯುವ ಪಟ್ಟಿಯೇ ಬಿಸಿಲಿಗೆ ಉದ್ದವಾದರೆ ನ್ಯಾಯ ಯಾವುದನ್ನು ಆಧರಿಸಬೇಕು? ಶಾಖಕ್ಕೆ ಲೋಹ ಹಿಗ್ಗುತ್ತದೆಂಬುದು ಮಕ್ಕಳು ವಿಜ್ಞಾನದ ಪಾಠದಲ್ಲಿ ಓದುವ ಸಂಗತಿ. ಭೂಮಾಪಕರಿಗೆ ಅದು ನಿತ್ಯದ ತೊಡಕು.

1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ತನ್ನ ಮಹಾಮೋಜಣಿಯ ಆಧಾರರೇಖೆಯನ್ನು ಅಳೆದದ್ದು 100 ಅಡಿಯ ಉಕ್ಕಿನ ಸರಪಳಿಯಿಂದ. ಸರಪಳಿಗೆ ಬಿಸಿಲು ತಾಗದಂತೆ ನೆರಳು ಮಾಡಿ, ಬದಿಯಲ್ಲಿ ಉಷ್ಣಮಾಪಕಗಳನ್ನಿರಿಸಿ, ಹಿಗ್ಗಿದಷ್ಟನ್ನು ಲೆಕ್ಕಹಾಕಿ ತಿದ್ದಬೇಕಾಯಿತು. 1804ರಲ್ಲಿ ಬೆಂಗಳೂರಿನ ಬಳಿಯೂ ಒಂದು ಆಧಾರರೇಖೆಯನ್ನು ಅಳೆಯಲಾಯಿತು. ಆ ಮೋಜಣಿಯ ತ್ರಿಕೋನಗಳ ಸಾಲು ಮಂಗಳೂರಿನ ಕಡಲತೀರದವರೆಗೆ ಚಾಚಿತು. ಆರಂಭದ ರೇಖೆಯಲ್ಲಿ ನುಸುಳಿದ ತಪ್ಪು ಮುಂದಿನ ಪ್ರತಿಯೊಂದು ತ್ರಿಕೋನಕ್ಕೂ ಹರಡುವುದರಿಂದ ಅಷ್ಟು ಎಚ್ಚರ ಅನಿವಾರ್ಯವಾಗಿತ್ತು.

ಈ ತೊಡಕಿಗೆ ಪರಿಹಾರ ದೊರೆತದ್ದು 1896ರಲ್ಲಿ. ಪ್ಯಾರಿಸ್ ಬಳಿಯ ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಸಂಸ್ಥೆಯಲ್ಲಿದ್ದ ಸ್ವಿಸ್ ವಿಜ್ಞಾನಿ ಷಾರ್ಲ್ ಎದ್ವಾರ್ ಗಿಯೋಮ್, ಕಬ್ಬಿಣಕ್ಕೆ ಶೇಕಡಾ 36ರಷ್ಟು ನಿಕ್ಕಲ್ ಬೆರೆಸಿದ ಮಿಶ್ರಲೋಹ ಶಾಖಕ್ಕೆ ಅತ್ಯಲ್ಪವಾಗಿ ಹಿಗ್ಗುವುದನ್ನು ಕಂಡುಕೊಂಡರು. ಅದೇ ಇನ್ವಾರ್. ‘ಬದಲಾಗದ್ದು’ ಎಂಬರ್ಥದ ಪದದಿಂದ ಈ ಹೆಸರು ಬಂದಿದೆ. ನಿಕ್ಕಲ್–ಉಕ್ಕುಗಳ ಸಂಶೋಧನೆಗಾಗಿ 1920ರಲ್ಲಿ ಗಿಯೋಮ್ ಅವರಿಗೆ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು.

ಲೆಕ್ಕ ಸರಳವಾಗಿದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸರಿಯಾಗಿ 30 ಮೀಟರ್ ಇರುವ ಉಕ್ಕಿನ ಪಟ್ಟಿ 40 ಡಿಗ್ರಿಯಲ್ಲಿ ಸುಮಾರು 7 ಮಿಲಿಮೀಟರ್ ಹಿಗ್ಗುತ್ತದೆ. ಇನ್ವಾರ್ ಪಟ್ಟಿ ಒಂದು ಮಿಲಿಮೀಟರ್ ಕೂಡ ಹಿಗ್ಗುವುದಿಲ್ಲ. ಒಂದು ಕಿಲೋಮೀಟರ್ ಅಳೆಯುವಷ್ಟರಲ್ಲಿ ಉಕ್ಕಿನ ತಪ್ಪು ಸುಮಾರು 24 ಸೆಂಟಿಮೀಟರ್ ಆದರೆ, ಇನ್ವಾರಿನದು ಸುಮಾರು ಎರಡೂವರೆ ಸೆಂಟಿಮೀಟರ್ ಮಾತ್ರ. ಇದಕ್ಕೆ ಕಾರಣ ಆ ಲೋಹದ ಕಾಂತಗುಣ. ಶಾಖವು ಪರಮಾಣುಗಳನ್ನು ದೂರ ಸರಿಸುತ್ತಿರುವಾಗಲೇ ಕಾಂತತ್ವ ಕ್ಷೀಣಿಸಿ ಲೋಹವನ್ನು ಕುಗ್ಗಿಸುತ್ತದೆ. ಒಂದನ್ನೊಂದು ಬಹುಪಾಲು ಸರಿದೂಗುತ್ತದೆ.

ಹಾಗೆಂದು ಇನ್ವಾರ್ ಎಲ್ಲದರಲ್ಲೂ ಮೇಲಲ್ಲ. ಅದು ದುಬಾರಿ, ಗಟ್ಟಿ ಉಕ್ಕಿಗಿಂತ ಮೃದು, ಅಜಾಗರೂಕತೆಯಿಂದ ಮಡಿಸಿದರೆ ಡೊಂಕು ಉಳಿಯುತ್ತದೆ. ವರ್ಷಗಳು ಕಳೆದಂತೆ ತಾನಾಗಿಯೇ ಅತಿ ಸೂಕ್ಷ್ಮವಾಗಿ ಉದ್ದವಾಗುವುದರಿಂದ ಅದನ್ನೂ ಆಗಾಗ ಪರೀಕ್ಷಿಸಬೇಕು. ಇನ್ನೂರು ಡಿಗ್ರಿಯ ಆಚೆಗೆ ಅದರ ವಿಶೇಷ ಗುಣ ಕಡಿಮೆಯಾಗುತ್ತದೆ. ಭಾರ ಹೊರುವ ಸೇತುವೆಗೂ ಸವೆತ ತಡೆಯುವ ನೇಗಿಲಿಗೂ ಉಕ್ಕೇ ತಕ್ಕದ್ದು.

ಹೊಲದ ದೈನಂದಿನ ಅಳತೆಗೂ ಉಕ್ಕಿನ ಪಟ್ಟಿ ಸಾಕು. ಅಳೆದ ಹೊತ್ತಿನ ತಾಪಮಾನವನ್ನು ಬರೆದಿಟ್ಟು ತಿದ್ದುವ ಪ್ರಾಮಾಣಿಕತೆ ಅಳೆಯುವವನಲ್ಲಿರಬೇಕು. ತನ್ನ ತಪ್ಪು ಎಷ್ಟೆಂದು ಬಲ್ಲ ಅಳತೆಯೇ ಸಾಕ್ಷಿಯಾಗಿ ನಿಲ್ಲಬಲ್ಲದು.