ಮನೆ ಅಪ್ಪೆಮಿಡಿ ಮರಕ್ಕೆ ವಯಸ್ಸಾಯ್ತಾ? ಈ ಮಳೆಗಾಲದಲ್ಲೇ ಕಸಿ ಕಟ್ಟಿಸಿ

ಬೆಂಗಳೂರಿನ ಪಿಜಿಯಲ್ಲೋ ಪುಣೆಯ ಫ್ಲ್ಯಾಟ್‌ನಲ್ಲೋ ಕೂತು ಮೊಸರನ್ನದ ಜೊತೆ ಅಪ್ಪೆಮಿಡಿ ಕಚ್ಚುವ ಮಲೆನಾಡಿನ ಹುಡುಗ–ಹುಡುಗಿಯರಿಗೆ ಒಂದು ಪ್ರಶ್ನೆ. ಆ ಮಿಡಿ ಯಾವ ಮರದ್ದು ಅಂತ ಗೊತ್ತಾ? ನಿಮಗೆ ಗೊತ್ತಿಲ್ಲದಿದ್ದರೂ ಅಮ್ಮನಿಗೆ ಗೊತ್ತಿರುತ್ತೆ. ‘ಹೊಳೆ ದಂಡೆ ಮರದ್ದು’, ‘ದೊಡ್ಡಮ್ಮನ ಮನೆ ಹಿತ್ತಲಿಂದು’ ಅಂತ ಹೇಳಿಯೇ ಅವರು ಭರಣಿ ಕಳಿಸೋದು. ಶಿರಸಿ, ಸಿದ್ದಾಪುರ, ಸಾಗರ, ಹೊಸನಗರದ ಕಡೆ ಅಪ್ಪೆಮಿಡಿ ಅಂದರೆ ಒಂದು ತಳಿಯಲ್ಲ, ನೂರಾರು ಮರಗಳು. ಅನಂತಭಟ್ಟನ ಅಪ್ಪೆ, ಮಾಳಂಜಿ, ಜೀರಿಗೆ ಅಪ್ಪೆ – ಒಂದೊಂದಕ್ಕೂ ಅದರದ್ದೇ ಹುಳಿ, ಅದರದ್ದೇ ಸೊನೆಯ ಪರಿಮಳ.

ತೊಂದರೆ ಇರುವುದೂ ಇಲ್ಲೇ. ಆ ಮರ ಗಾಳಿಗೆ ಬಿದ್ದರೆ ಆ ರುಚಿಯೂ ಹೋಯ್ತು. ಗೊರಟು ಹಾಕಿ ಇನ್ನೊಂದು ಬೆಳೆಸಿದರಾಯ್ತು ಅನ್ನುವ ಹಾಗಿಲ್ಲ.

ಮಾವಿನ ಹೂವಿಗೆ ನೊಣ, ಜೇನು ಎಲ್ಲಿಂದಲೋ ಪರಾಗ ಹೊತ್ತು ತರುತ್ತವೆ. ಹಾಗಾಗಿ ಗೊರಟಿನಿಂದ ಹುಟ್ಟಿದ ಸಸಿ ತಾಯಿಯನ್ನು ಹೋಲಬಹುದು, ಹೋಲದೆಯೂ ಇರಬಹುದು. ನಮ್ಮ ಮನೆ ಮಕ್ಕಳ ಹಾಗೆಯೇ ಅನ್ನಿ. ಪಶ್ಚಿಮ ಕರಾವಳಿಯ ಬಪ್ಪಕಾಯಿ, ಒಲೂರ್ ಥರದ ಕೆಲವು ಮಾವು ಇದಕ್ಕೆ ಅಪವಾದ. ಅವುಗಳ ಒಂದೇ ಗೊರಟಿನಿಂದ ಎರಡು ಮೂರು ಸಸಿ ಬರುತ್ತವೆ, ಅವುಗಳಲ್ಲಿ ಹೆಚ್ಚಿನವು ತಾಯಿಯ ತದ್ರೂಪವೇ ಆಗಿರುತ್ತವೆ. ಅಪ್ಪೆಮಿಡಿಗೆ ಆ ಭಾಗ್ಯ ಇದೆ ಅಂತ ನಂಬಿ ಕೂರುವಂತಿಲ್ಲ. ಅದೂ ಅಲ್ಲದೆ, ಮಿಡಿಯಲ್ಲೇ ಎಲ್ಲವನ್ನೂ ಇಳಿಸಿಬಿಟ್ಟರೆ ಹಣ್ಣಾಗಿ ನೆಲಕ್ಕೆ ಬೀಳುವ ಗೊರಟಾದರೂ ಎಷ್ಟು? ಕಾಡಂಚಿನ ಮರಗಳ ಕಥೆ ಇನ್ನೂ ಕಷ್ಟದ್ದು. ಮಿಡಿಗೆ ಒಳ್ಳೆ ರೇಟು ಸಿಗುತ್ತೆ ಅಂತ ಕೊಂಬೆಯನ್ನೇ ಕಡಿದು ಇಳಿಸುವವರಿದ್ದಾರೆ. ಅಪ್ಪೆಮಿಡಿಗೆ ಜಿಐ ಮಾನ್ಯತೆ ಸಿಕ್ಕಿದೆ, ಸಂತೋಷವೇ. ಆದರೆ ಬಿದ್ದ ಮರವನ್ನು ಜಿಐ ಎಬ್ಬಿಸಿ ನಿಲ್ಲಿಸಲ್ಲ.

ಅದಕ್ಕಿರುವ ದಾರಿ ಕಸಿ. ಅದರಲ್ಲೂ ಮಳೆಗಾಲಕ್ಕೆ ಹೇಳಿ ಮಾಡಿಸಿದ್ದು ಗೊರಟು ಕಸಿ, ಕೆಲವು ಕಡೆ ಇದನ್ನೇ ವಾಟೆ ಕಸಿ ಅಂತಾರೆ. ಬೇರು ಯಾವುದೋ ಕಾಟು ಮಾವಿನದ್ದು, ತಲೆ ನಿಮ್ಮ ಮನೆ ಮರದ್ದು. ಬೇರಿಗಾಗಿ ಬಿತ್ತುವ ಗೊರಟು ಮಾತ್ರ ತಾಜಾ ಇರಬೇಕು. ಒಣಗಿಸಿ ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ಬಿತ್ತುತ್ತೇನೆ ಅಂದರೆ ಆಗಲ್ಲ, ಮಾವಿನ ಬೀಜದ ಜೀವ ಕೆಲವೇ ವಾರ.

ಗೊರಟು ಮೊಳೆತು 8ರಿಂದ 15 ದಿನ ಆಗಿರುತ್ತೆ. ಎಲೆ ಇನ್ನೂ ತಾಮ್ರದ ಬಣ್ಣ, ಕಾಂಡ ಎಳೆಸು. ‘ಇಷ್ಟು ಪುಟಾಣಿ ಸಸಿಗೆ ಕತ್ತಿನ ಮೇಲೆ ಕತ್ತಿ ಹಾಕ್ತಾರಾ!’ ಅನ್ನಿಸುತ್ತೆ. ಆದರೆ ಅದರ ಬಲ ಇರುವುದು ಆ ಎಳೆತನದಲ್ಲೇ. ಗೊರಟಿನೊಳಗಿನ ಬುತ್ತಿ ಇನ್ನೂ ಖಾಲಿಯಾಗಿರಲ್ಲ, ತಲೆ ಹೋದರೂ ಸಸಿಗೆ ಊಟಕ್ಕೆ ಕೊರತೆಯಿಲ್ಲ. ಎಳೆ ಕಾಂಡದ ಗಾಯ ಬೇಗ ಕೂಡಿಕೊಳ್ಳುತ್ತೆ ಕೂಡ.

ಸಸಿಯನ್ನು ಗೊರಟಿನಿಂದ ಐದಾರು ಸೆಂಟಿಮೀಟರ್ ಮೇಲೆ ಕತ್ತರಿಸಿ, ಕಾಂಡದ ನಡುವೆ ಮೂರ್ನಾಲ್ಕು ಸೆಂ.ಮೀ. ಉದ್ದ ಸೀಳುತ್ತಾರೆ. ಮನೆ ಮರದಿಂದ ತಂದ ಕಡ್ಡಿಯ ಬುಡವನ್ನು ಎರಡೂ ಬದಿ ಹೆರೆದು ಬೆಣೆಯ ಹಾಗೆ ಮಾಡಿ ಆ ಸೀಳಿಗೆ ಇಳಿಸುತ್ತಾರೆ. ತೊಗಟೆಯ ಕೆಳಗೇ ಒಂದು ತೆಳು ಪದರ ಇದೆ, ಕ್ಯಾಂಬಿಯಂ ಅಂತ. ಹೊಸ ಜೀವಕೋಶ ಹುಟ್ಟುವುದು ಅಲ್ಲಿ. ಇವೆರಡರ ಪದರಗಳು ಒಂದಕ್ಕೊಂದು ಮುಟ್ಟಿದರಷ್ಟೇ ಕಸಿ ಹಿಡಿಯುವುದು. ಕಡ್ಡಿ ಸ್ವಲ್ಪ ಸಣ್ಣದಿದ್ದರೆ ನಡುವೆ ಕೂರಿಸಬಾರದು, ಒಂದು ಅಂಚಿಗೆ ಸರಿಸಿ ಕೂಡಿಸಬೇಕು. ಆಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ, ಕಡ್ಡಿ ಒಣಗದಂತೆ ಮೇಲೊಂದು ಐಸ್‌ಕ್ಯಾಂಡಿ ಕವರ್ ಟೊಪ್ಪಿ! ನೆರಳಲ್ಲಿಟ್ಟರೆ ಎರಡು ಮೂರು ವಾರಕ್ಕೆ ಚಿಗುರು. ಎಲ್ಲವೂ ಬದುಕಲ್ಲ. ಜಡಿಮಳೆಗೆ ಎಳೆ ಸಸಿಯ ಬುಡ ಕೊಳೆಯುವುದುಂಟು. ಒಂದು ಗಿಡ ಬೇಕಿದ್ದರೆ ಹತ್ತು ಕಟ್ಟಿಸಿ ಅನ್ನುವುದು ಅದಕ್ಕೇ.

ಕೈಚಳಕ ನರ್ಸರಿಯವರಿಗೆ ಬಿಡಿ, ನಿಮ್ಮ ಪಾಲಿನ ಕೆಲಸ ಬೇರೆ ಇದೆ. ಅದು ಕಡ್ಡಿಯದು. ಮೂರ್ನಾಲ್ಕು ತಿಂಗಳು ಬಲಿತ, ಹೂ ಬಿಡದ, ತುದಿಮೊಗ್ಗು ಚೆನ್ನಾಗಿರುವ ಕೊನೆಗಳನ್ನು ಮರದಲ್ಲೇ ಗುರುತು ಮಾಡಬೇಕು. ಕತ್ತರಿಸುವ ವಾರ–ಹತ್ತು ದಿನ ಮೊದಲೇ ಅವುಗಳ ಎಲೆ ತೆಗೆದು ತೊಟ್ಟು ಮಾತ್ರ ಉಳಿಸಬೇಕು. ತೊಟ್ಟು ಮುಟ್ಟಿದರೆ ಉದುರುವಂತಾಗಿ, ಮೊಗ್ಗು ಉಬ್ಬಿದೆ ಅಂದರೆ ಕಡ್ಡಿ ರೆಡಿ. ಅಂದರೆ ಶನಿವಾರ ಊರಿಗೆ ಹೋಗಿ ಭಾನುವಾರ ಕಡ್ಡಿ ತರುತ್ತೇನೆ ಅನ್ನುವ ಪ್ಲಾನ್ ನಡೆಯಲ್ಲ. ಅಪ್ಪನಿಗೆ ಮೊದಲೇ ಫೋನ್ ಮಾಡಿ. ತಂದ ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಆದಷ್ಟು ಬೇಗ ನರ್ಸರಿಗೆ ಮುಟ್ಟಿಸಿ. ಕಾರಿನ ಡ್ಯಾಶ್‌ಬೋರ್ಡ್ ಮೇಲಂತೂ ಬೇಡ.

ಹಲಸಿಗೂ ಇದೇ ಮಾತು. ಗುಬ್ಬಿ ತಾಲ್ಲೂಕಿನ ಚೇಳೂರಿನ ‘ಸಿದ್ದು’ ಹಲಸು ಕೇಳಿರುತ್ತೀರಿ. ಸಣ್ಣ ಹಣ್ಣು, ತಾಮ್ರಗೆಂಪು ತೊಳೆ. ಅದೂ ಒಂದೇ ಮರವಾಗಿತ್ತು. ನೆಟ್ಟ ಸಿದ್ದಪ್ಪ ಅವರ ಹೆಸರೇ ತಳಿಗೂ ಬಂತು. 2017ರಲ್ಲಿ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅವರ ಮಗನ ಜೊತೆ ಒಪ್ಪಂದ ಮಾಡಿಕೊಂಡು ಕಸಿ ಗಿಡಗಳನ್ನು ಬೆಳೆಸಿತು. ಮಾರಿದ ಹಣದಲ್ಲಿ ದೊಡ್ಡ ಪಾಲು ರೈತರಿಗೇ. ಎಲ್ಲ ಮರಕ್ಕೂ ಇಂಥ ಅದೃಷ್ಟ ಬರಲ್ಲ ಬಿಡಿ. ನಿಮ್ಮ ಹಿತ್ತಲ ಮರ ಹುಡುಕಿಕೊಂಡು ಯಾವ ವಿಜ್ಞಾನಿಯೂ ಬರದೇ ಇರಬಹುದು, ಮನೆಯವರೇ ಕಡ್ಡಿ ಕೊಡಬೇಕು.

ಬೇರೆ ಕಡೆಯಿಂದ ಕಸಿ ಗಿಡ ಕೊಳ್ಳುವವರು ಎಲೆಯ ಹಸಿರಿಗಿಂತ ಕಸಿಯ ಗಂಟು ನೋಡಿ. ಗಂಟು ಗಟ್ಟಿಯಾಗಿ ಕೂಡಿರಬೇಕು, ಪ್ಲಾಸ್ಟಿಕ್ ಕಾಂಡವನ್ನು ಕೊರೆದಿರಬಾರದು. ವರ್ಷಗಟ್ಟಲೆ ಚೀಲದಲ್ಲೇ ಇದ್ದು ಬೇರು ಸುರುಳಿ ಸುತ್ತಿದ ದೊಡ್ಡ ಗಿಡಕ್ಕಿಂತ ಚಿಕ್ಕದೇ ಮೇಲು ಅಂತ ನನ್ನ ಅಭಿಪ್ರಾಯ. ಕೋಲಾರದಂಥ ಮಳೆ ಕಡಿಮೆ ಇರುವ ಕಡೆ, ಗೊರಟನ್ನು ತೋಟದ ಗುಂಡಿಯಲ್ಲೇ ಬಿತ್ತಿ ತಾಯಿಬೇರು ಆಳಕ್ಕಿಳಿದ ಮೇಲೆ ಅಲ್ಲೇ ಕಸಿ ಕಟ್ಟಿಸುವುದು ಇನ್ನೂ ಒಳ್ಳೆಯದು.

ನೆಟ್ಟ ಮೇಲೆ ಗಂಟಿನ ಕೆಳಗಿಂದ ಬರುವ ಚಿಗುರನ್ನು ಕಂಡ ಕೂಡಲೇ ಚಿವುಟಿ. ಅದು ಕಾಟು ಮಾವು. ಬಿಟ್ಟರೆ ಅದೇ ಮೇಲೇರಿ ನಿಮ್ಮ ಮರದ ಕಡ್ಡಿಯನ್ನು ಸೊರಗಿಸುತ್ತೆ. ಕಸಿ ಗಿಡ ಎರಡನೇ ವರ್ಷಕ್ಕೇ ಹೂ ಬಿಟ್ಟರೆ ವಾಟ್ಸ್ಯಾಪ್ ಸ್ಟೇಟಸ್‌ಗೆ ಒಂದು ಫೋಟೊ ತೆಗೆದುಕೊಂಡು, ಹೂಗೊಂಚಲನ್ನೂ ಚಿವುಟಿಬಿಡಿ. ಮೊದಲ ಭರಣಿ ತುಂಬಲು ಇನ್ನೆರಡು ಮೂರು ವರ್ಷ ಕಾಯಬೇಕು, ಅಲ್ಲಿಯವರೆಗೆ ಹಳೇ ಮರವನ್ನು ಕಡಿಯಲು ಬಿಡಬೇಡಿ.