ಆ 12 ಪದಗಳನ್ನ ಎಲ್ಲಿಟ್ರಿ?

ಕ್ರಿಪ್ಟೊ ವಾಲೆಟ್ ಹಾಕಿಕೊಂಡ್ರಾ? ಪರದೆ ಮೇಲೆ 12 ಇಂಗ್ಲಿಷ್ ಪದ ಬಂದಿರುತ್ತೆ, ಕೆಲವದರಲ್ಲಿ 24. ಸ್ಕ್ರೀನ್‌ಶಾಟ್ ತೆಗೆಯೋಕೆ ಹೋದ ಬೆರಳನ್ನ ದಯವಿಟ್ಟು ಅಲ್ಲೇ ತಡೀರಿ. ಆ ಫೋಟೊ ತಾನಾಗೇ ಕ್ಲೌಡ್‌ಗೆ ಹೋಗಬಹುದು. ನಿಮ್ಮ ಇಮೇಲ್‌ಗೆ ನುಗ್ಗಿದವನಿಗೆ ಅಷ್ಟೇ ಸಾಕು.

2,048 ಪದಗಳ ಒಂದು ಪಟ್ಟಿಯಿಂದ ಬಂದ ಪದಗಳಿವು. ನಿಮ್ಮ ಪ್ರೈವೇಟ್ ಕೀಗಳೆಲ್ಲ, ಅಂದ್ರೆ ನಿಮ್ಮ ಕ್ರಿಪ್ಟೊ ಖರ್ಚು ಮಾಡೋಕೆ ಬೇಕಾದ ಗುಟ್ಟಿನ ಕೀಗಳು, ಹುಟ್ಟೋದು ಇವುಗಳಿಂದಲೇ. ಕ್ರಮ ತಪ್ಪಿದ್ರೆ ನಿಮ್ಮ ವಾಲೆಟ್ ಸಿಗಲ್ಲ. ಅದಕ್ಕೇ ನಂಬರ್ ಹಾಕಿ, ಬಾಲ್‌ಪೆನ್ನಲ್ಲಿ, ಕಾಗದದ ಮೇಲೆ ಬರೀರಿ. ಮೊದಲ ನಾಲ್ಕು ಅಕ್ಷರ ಅಚ್ಚುಕಟ್ಟಾಗಿರಲಿ, ಪದ ಗುರುತಿಸೋಕೆ ಅಷ್ಟು ಸಾಕು. ಮಳೆಗಾಲದಲ್ಲಿ ಕಾಗದ ಮುಗ್ಗುತ್ತಲ್ವಾ, ಸ್ಟೀಲ್ ತಗಡಿನ ಮೇಲೆ ಕೊರೆದಿಟ್ರೆ ಇನ್ನೂ ಗಟ್ಟಿ. ಎರಡು ಪ್ರತಿ ಮಾಡಿ, ಎರಡು ಊರಲ್ಲಿಡಿ.

ಕೀ ಒಂದೇ ಕಡೆ ಇದ್ರೆ ಏನಾಗುತ್ತೆ ನೋಡಿ. ವೇಲ್ಸ್‌ನ ನ್ಯೂಪೋರ್ಟಲ್ಲಿ 2013ರಲ್ಲಿ ಒಬ್ಬರ ಹಾರ್ಡ್ ಡ್ರೈವ್ ಕಸದ ಗುಡ್ಡೆ ಸೇರ್ತು. ಸಾವಿರಾರು ಬಿಟ್‌ಕಾಯಿನ್‌ನ ಕೀ ಅದರೊಳಗೇ ಇತ್ತು. ಅಗೆಯೋಕೆ ಬಿಡಿ ಅಂತ ಕೋರ್ಟಿಗೆ ಹೋದ್ರು. 2025ರಲ್ಲಿ ಆ ಕೇಸೂ ವಜಾ ಆಯ್ತು. ನೆನೆದ್ರೆ ಹೊಟ್ಟೆ ಉರಿಯುತ್ತೆ.

ಇನ್ನೊಂದು ಮಾತು. ‘ಕಸ್ಟಮರ್ ಕೇರ್’ ಅಂತ ಯಾರಾದ್ರೂ ಫೋನ್ ಮಾಡಿ ಈ ಪದ ಕೇಳಿದ್ರೆ, ಕಳ್ಳ ಅವನೇ. ಫೋನ್ ಇಟ್ಬಿಡಿ.